ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವೇ? ಅಮೆರಿಕದ ಕಾಲೇಜು ಐಸ್ ಹಾಕಿ ರೆಫರಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಿನಸೋಟ, ಮಿಷಿಗನ್, ಬಾಸ್ಟನ್ ಕಡೆ ಓದಲು ಹೋದ ನಮ್ಮವರಲ್ಲಿ ಹಲವರಿಗೆ ಮೊದಲ ಚಳಿಗಾಲದಲ್ಲೇ ಕಾಲೇಜು ಐಸ್ ಹಾಕಿಯ ರುಚಿ ಹತ್ತುತ್ತದೆ. ನಿಯಮ ಅರ್ಥವಾಗುವ ಮೊದಲೇ ರೆಫರಿಯನ್ನು ಬೈಯುವುದು ರೂಢಿಯಾಗುತ್ತದೆ. ವಿದ್ಯಾರ್ಥಿಗಳ ಸ್ಟ್ಯಾಂಡಿನಲ್ಲಿ ಅದೇ ಮೊದಲ ಪಾಠ. ಆ ಬೈಗುಳದೊಳಗೆ ಮೂರು ದೂರುಗಳು ಕಲಸಿಹೋಗಿರುತ್ತವೆ. ಒಂದೇ ತಪ್ಪಿಗೆ ಒಮ್ಮೆ ಶಿಕ್ಷೆ, ಇನ್ನೊಮ್ಮೆ ಇಲ್ಲ ಎನ್ನುವುದು ಒಂದು. ಗೊತ್ತಿಲ್ಲದೆಯೇ ತವರು ತಂಡದ ಕಡೆ ವಾಲುತ್ತಾರೆ ಎನ್ನುವುದು ಇನ್ನೊಂದು. ಬೇಕೆಂದೇ ಒಂದು ತಂಡವನ್ನು ಗೆಲ್ಲಿಸುತ್ತಾರೆ ಎನ್ನುವುದು ಮೂರನೆಯದು. ಮೊದಲನೆಯದು ನಿಜ. ಎರಡನೆಯದು ಸ್ವಲ್ಪ ಮಟ್ಟಿಗೆ ನಿಜ. ಮೂರನೆಯದಕ್ಕೆ ಅಭಿಮಾನಿಗಳು ಒಡ್ಡುವ ಸಾಕ್ಷ್ಯ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಈ ಮೂರನ್ನೂ ಬೇರೆಬೇರೆಯಾಗಿಟ್ಟುಕೊಂಡು ಮುಂದಕ್ಕೆ ಓದಿ.

ಪಟ್ಟೆ ಅಂಗಿಯವರು ನಾಲ್ವರಿದ್ದಾರೆ. ಯಾರು ಯಾವುದಕ್ಕೆ ಹೊಣೆ?

ತೋಳಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ ಇಬ್ಬರು ರೆಫರಿಗಳು. ಪಟ್ಟಿ ಇಲ್ಲದ ಇಬ್ಬರು ಲೈನ್ಸ್‌ಮನ್‌ಗಳು. ಹುಕಿಂಗ್ (ಸ್ಟಿಕ್‌ನಿಂದ ಎಳೆದು ತಡೆಯುವುದು), ಟ್ರಿಪ್ಪಿಂಗ್ (ಕಾಲಿಗೆ ಅಡ್ಡ ಕೊಟ್ಟು ಬೀಳಿಸುವುದು), ಇಂಟರ್‌ಫಿಯರೆನ್ಸ್ (ಪಕ್, ಅಂದರೆ ಆಡುವ ರಬ್ಬರ್ ಬಿಲ್ಲೆ, ಬಳಿಯಿಲ್ಲದವನನ್ನು ಅಡ್ಡಗಟ್ಟುವುದು) ಇಂಥ ಪೆನಾಲ್ಟಿಗಳೂ, ಅಂದರೆ ತಪ್ಪಿತಸ್ಥನನ್ನು ಕೆಲ ನಿಮಿಷ ಹೊರಗೆ ಕೂರಿಸುವ ಶಿಕ್ಷೆಗಳೂ, ಗೋಲು ಆಯಿತೇ ಇಲ್ಲವೇ ಎಂಬುದೂ ರೆಫರಿಗಳಿಗೆ ಸೇರಿದ್ದು. ಆಫ್‌ಸೈಡ್ (ಪಕ್‌ಗಿಂತ ಮೊದಲೇ ನೀಲಿ ಗೆರೆ ದಾಟಿ ದಾಳಿ ವಲಯಕ್ಕೆ ನುಗ್ಗುವುದು), ಐಸಿಂಗ್ (ಮಧ್ಯಗೆರೆಯ ಹಿಂದಿನಿಂದ ಹೊಡೆದ ಪಕ್ ಎದುರಾಳಿಯ ಗೋಲ್ ಗೆರೆ ದಾಟುವುದು), ಹೆಚ್ಚಿನ ಫೇಸ್‌ಆಫ್‌ಗಳು (ಆಟ ಶುರುಮಾಡಲು ಇಬ್ಬರ ನಡುವೆ ಪಕ್ ಬೀಳಿಸುವುದು), ಜಗಳ ಬಿಡಿಸುವುದು ಲೈನ್ಸ್‌ಮನ್‌ಗಳ ಕೆಲಸ. ರೆಫರಿಗಳ ಕಣ್ಣು ತಪ್ಪಿದ ಗಂಭೀರ ಪ್ರಕರಣವನ್ನು ಲೈನ್ಸ್‌ಮನ್ ಅವರ ಗಮನಕ್ಕೆ ತರಬಹುದು, ಅಷ್ಟೆ. ನಿಮ್ಮ ಮುಂದೆಯೇ ನಿಂತಿದ್ದ ಲೈನ್ಸ್‌ಮನ್ ಹುಕಿಂಗ್ ಕಂಡೂ ಕಾಣದಂತೆ ಇದ್ದ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲ. ಆ ತಪ್ಪಿಗೆ ಸೀಟಿ ಊದುವ ಅಧಿಕಾರ ಅವನಿಗಿಲ್ಲ.

ಲೈನ್ಸ್‌ಮನ್ ಕೆಲಸ ಬರೀ ಗೆರೆ ನೋಡುವುದು ಎಂದುಕೊಳ್ಳಬೇಡಿ. ಕಾಲೇಜು ಹಾಕಿಯಲ್ಲಿ ಹೈಬ್ರಿಡ್ ಐಸಿಂಗ್ ಇದೆ. ಪಕ್‌ನ ಹಿಂದೆ ಓಡುವ ಇಬ್ಬರಲ್ಲಿ ಯಾರು ಮೊದಲು ಮುಟ್ಟುತ್ತಿದ್ದರು ಎಂಬುದನ್ನು ಆ ಆಟಗಾರರು ಕೊನೆಯ ವಲಯದ ಫೇಸ್‌ಆಫ್ ಚುಕ್ಕೆಗಳ ಸಾಲಿಗೆ ಬಂದಾಗಲೇ ಲೈನ್ಸ್‌ಮನ್ ಅಂದಾಜಿಸಿ ಹೇಳಬೇಕು. ಅದೂ ಒಂದು ಊಹೆಯೇ. ಆದ್ದರಿಂದ ಅಲ್ಲೂ ವ್ಯತ್ಯಾಸ ಬಂದೇ ಬರುತ್ತದೆ.

ರೆಫರಿ ಕೈ ಎತ್ತಿದರು, ಸೀಟಿ ಊದಲಿಲ್ಲ. ಮನಸ್ಸು ಬದಲಾಯಿಸಿದರೇ?

ಇಲ್ಲ. ಅದು ತಡೆಹಿಡಿದ ಪೆನಾಲ್ಟಿ. ತಪ್ಪು ಮಾಡದ ತಂಡದ ಬಳಿ ಪಕ್ ಇದ್ದರೆ ಅವರ ದಾಳಿ ಕೆಡದಿರಲಿ ಎಂದು ಆಟ ಮುಂದುವರಿಸುತ್ತಾರೆ. ತಪ್ಪಿತಸ್ಥ ತಂಡ ಪಕ್ ವಶಪಡಿಸಿಕೊಂಡ ಕೂಡಲೇ ಸೀಟಿ ಬೀಳುತ್ತದೆ. ಆ ಹೊತ್ತಿಗೆ ಹತ್ತಿಪ್ಪತ್ತು ಸೆಕೆಂಡು ಕಳೆದಿದ್ದರೆ ಮೂಲ ತಪ್ಪು ಯಾವುದೆಂದೇ ಜನಕ್ಕೆ ಮರೆತಿರುತ್ತದೆ. ಕೊನೆಗೆ ಕಂಡ ಸಣ್ಣ ತಳ್ಳಾಟಕ್ಕೇ ಪೆನಾಲ್ಟಿ ಕೊಟ್ಟರೆಂದು ಕೂಗೇಳುತ್ತದೆ. ಕೈ ಮೇಲೆದ್ದ ಗಳಿಗೆ ಯಾವುದು ಎಂದು ನೋಡಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಮೊದಲ ಅವಧಿಯಲ್ಲಿ 2 ನಿಮಿಷ ಹೊರಗೆ ಕೂರಿಸಿದ ಅದೇ ಹುಕಿಂಗ್‌ಗೆ ಮೂರನೆಯ ಅವಧಿಯಲ್ಲಿ ಏನೂ ಇಲ್ಲ. ಇದು ಹೇಗೆ ನ್ಯಾಯ?

ನ್ಯಾಯವಲ್ಲ. ಆದರೆ ಹೀಗೇಕಾಗುತ್ತದೆ ಎಂಬುದಕ್ಕೆ ನಾಲ್ಕು ಕಾರಣಗಳಿವೆ, ಅವೆಲ್ಲ ಒಂದೇ ಬಗೆಯವಲ್ಲ.

ಮೊದಲನೆಯದು ನಿಯಮದ ಸ್ವಭಾವ. ಪಕ್ ಗೆರೆ ದಾಟಿತೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವಿದೆ. ಹುಕಿಂಗ್‌ಗೆ ಅಂಥ ಗೆರೆಯಿಲ್ಲ. ಎದುರಾಳಿಯ ಮೈಗೋ ಕೈಗೋ ಸ್ಟಿಕ್ ತಾಗಿದ್ದಷ್ಟೇ ಸಾಲದು, ಅದರಿಂದ ಅವನ ಓಟಕ್ಕೋ ಹೊಡೆತಕ್ಕೋ ತಡೆ ಬಿತ್ತೇ ಎಂದು ರೆಫರಿ ತೂಗಬೇಕು. ಗಂಟೆಗೆ 30 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸಾಗುವವನ ಹೆಜ್ಜೆ ತಪ್ಪಿದ್ದು ಸ್ಟಿಕ್‌ನಿಂದಲೋ ಮಂಜಿನಲ್ಲಿ ಕೊರೆದ ಗೀರಿನಿಂದಲೋ ಎಂದು ಅರೆಕ್ಷಣದಲ್ಲಿ ತೀರ್ಮಾನಿಸಬೇಕು.

ಎರಡನೆಯದು ಆಟಗಾರರೇ ಬದಲಾಗುವುದು. ಮೊದಲ ಅವಧಿಯಲ್ಲಿ ಎರಡು ಪೆನಾಲ್ಟಿ ತಿಂದವರು ಕೊನೆಗೆ ಸ್ಟಿಕ್ ಕೆಳಗಿಟ್ಟೇ ಆಡುತ್ತಾರೆ. ಅಂಕ ಸಮನಾಗಿರುವಾಗ ತರಬೇತುದಾರನೂ ಅದನ್ನೇ ಹೇಳಿರುತ್ತಾನೆ. ಕೊನೆಯ ಅವಧಿಯ ಪೆನಾಲ್ಟಿ ಲೆಕ್ಕ ಇಳಿಯುವುದರಲ್ಲಿ ಇದರ ಪಾಲೂ ಇದೆ.

ಮೂರನೆಯದನ್ನು ರೆಫರಿಗಳ ನಡುವೆ ಆಟ ನಿಭಾಯಿಸುವುದು ಎನ್ನುತ್ತಾರೆ. ಆರಂಭದಲ್ಲೇ ಒಂದೆರಡು ಸಣ್ಣ ತಪ್ಪುಗಳಿಗೂ ಸೀಟಿ ಊದಿ ಇಂದಿನ ಗೆರೆ ಇಲ್ಲಿದೆ ಎಂದು ತೋರಿಸಿದರೆ ಮುಂದೆ ಆಟ ಕೈಮೀರುವುದಿಲ್ಲ ಎಂಬುದು ಅವರ ಹಳೆಯ ಅನುಭವ. ಹಾಗಾಗಿ 4ನೇ ನಿಮಿಷದ ಗೆರೆಯೂ 56ನೇ ನಿಮಿಷದ ಗೆರೆಯೂ ಒಂದೇ ಆಗಿರುವುದಿಲ್ಲ.

ನಾಲ್ಕನೆಯದೇ ನಿಜವಾದ ದೋಷ. ಊದಿ ತಪ್ಪಿದರೆ ಎಲ್ಲರ ಕಣ್ಣು ರೆಫರಿಯ ಮೇಲೆ, ಊದದೆ ತಪ್ಪಿದರೆ ಆಟ ಮುಂದೆ ಹೋಗಿಬಿಡುತ್ತದೆ. ಆದ್ದರಿಂದ ಕೊನೆಯ ನಿಮಿಷಗಳಲ್ಲಿ ಸುಮ್ಮನಿರುವುದೇ ಸುರಕ್ಷಿತ ಅನ್ನಿಸುತ್ತದೆ. ಪಂದ್ಯವನ್ನು ಆಟಗಾರರೇ ತೀರ್ಮಾನಿಸಲಿ ಎಂಬ ಮಾತಿನ ಹಿಂದೆ ಇರುವುದು ಇದೇ. ಆದರೆ ಸೀಟಿ ಊದದಿರುವುದೂ ಒಂದು ತೀರ್ಪೇ. ಅದರ ಲಾಭ ಯಾವಾಗಲೂ ಹಿಡಿದೆಳೆಯುವ ತಂಡಕ್ಕೆ, ನಷ್ಟ ಚುರುಕಾಗಿ ಸ್ಕೇಟ್ ಮಾಡುವ ತಂಡಕ್ಕೆ. 2020–21ರಿಂದ ಲೀಗ್ ಹಂತದಲ್ಲಿ 5 ನಿಮಿಷಗಳ ಮೂವರಿಗೆ ಮೂವರ ಹೆಚ್ಚುವರಿ ಅವಧಿ ಬಂದ ಮೇಲೆ ಈ ನಷ್ಟ ಇನ್ನೂ ದೊಡ್ಡದಾಗಿದೆ. ಅಷ್ಟು ಖಾಲಿ ಮಂಜಿನಲ್ಲಿ ಒಂದು ಹುಕ್ ಬಿಟ್ಟರೆ ಗೋಲೇ ಹೋದಂತೆ.

ಒಂದು ತಂಡಕ್ಕೆ ಸತತ ಮೂರು ಪೆನಾಲ್ಟಿ ಕೊಟ್ಟ ಮೇಲೆ ನಾಲ್ಕನೆಯದು ಎದುರಾಳಿಗೆ ಕಟ್ಟಿಟ್ಟದ್ದೇ. ತಕ್ಕಡಿ ಸಮ ಮಾಡುತ್ತಾರಾ?

ಬಹುಮಟ್ಟಿಗೆ ಹೌದು. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಪಂದ್ಯಗಳ ಪೆನಾಲ್ಟಿ ಅಂಕಿಅಂಶ ಅಳೆದ ಸಂಶೋಧಕರು ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ಈವರೆಗೆ ಹೆಚ್ಚು ಪೆನಾಲ್ಟಿ ಪಡೆದ ತಂಡಕ್ಕೆ ಮುಂದಿನದೂ ಬೀಳುವ ಸಾಧ್ಯತೆ ಕಡಿಮೆ, ಎದುರಾಳಿಗೆ ಹೆಚ್ಚು. 2021ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್ ಪಂದ್ಯವೊಂದರಲ್ಲಿ ಎನ್‌ಎಚ್‌ಎಲ್ ರೆಫರಿಯೊಬ್ಬರು, ದೊಡ್ಡ ತಪ್ಪೇನೂ ಆಗಿರಲಿಲ್ಲ, ಆದರೆ ಆರಂಭದಲ್ಲೇ ನ್ಯಾಶ್‌ವಿಲ್ ತಂಡಕ್ಕೆ ಒಂದು ಪೆನಾಲ್ಟಿ ಕೊಡಬೇಕೆಂದಿದ್ದೆ ಎಂಬರ್ಥದಲ್ಲಿ ಆಡಿದ ಮಾತು ತೆರೆದಿದ್ದ ಮೈಕಿನಲ್ಲಿ ಪ್ರಸಾರವಾಯಿತು. ಲೀಗ್ ಅವರಿಗೆ ಮತ್ತೆ ಪಂದ್ಯ ಕೊಡಲಿಲ್ಲ. ಕಾಲೇಜು ರೆಫರಿಗಳೂ ಅದೇ ಗರಡಿಯಲ್ಲಿ ಪಳಗಿದವರು.

ಇದನ್ನು ಒಬ್ಬರ ಪರ ಪಕ್ಷಪಾತ ಎನ್ನಲಾಗದು, ಯಾಕೆಂದರೆ ಅದು ಎರಡೂ ಕಡೆಗೆ ಕೆಲಸ ಮಾಡುತ್ತದೆ. ಆದರೂ ಪರಿಣಾಮ ಸಮನಲ್ಲ. ಶಿಸ್ತಿಲ್ಲದ ತಂಡಕ್ಕೆ ರಿಯಾಯಿತಿ ಸಿಗುತ್ತದೆ, ಶಿಸ್ತಿನ ತಂಡ ಮಾಡದ ತಪ್ಪಿಗೆ ತೆರಿಗೆ ಕಟ್ಟುತ್ತದೆ. ಪೆನಾಲ್ಟಿ 5–5 ಆದ ಪಂದ್ಯವನ್ನು ಕಂಡು ಚೆನ್ನಾಗಿ ನಡೆಸಿದರು ಎನ್ನುವವರು ಇದನ್ನು ಮರೆಯುತ್ತಾರೆ. ಸಮ ಸಂಖ್ಯೆಯನ್ನೇ ನಿಷ್ಪಕ್ಷಪಾತದ ಗುರುತೆಂದು ಪ್ರೇಕ್ಷಕರೂ ತರಬೇತುದಾರರೂ ನಂಬಿರುವವರೆಗೆ ರೆಫರಿಗಳು ತೂಗಿಸುತ್ತಲೇ ಇರುತ್ತಾರೆ.

ಹತ್ತಿರದಲ್ಲಿದ್ದ ರೆಫರಿ ಸುಮ್ಮನಿದ್ದ, ದೂರದವನು ಕೈ ಎತ್ತಿದ. ಯಾರು ಸರಿ?

ಹಲವು ಸಲ ದೂರದವನೇ. ಆಟ ಒಂದು ವಲಯದಲ್ಲಿದ್ದಾಗ ಒಬ್ಬ ರೆಫರಿ ಗೋಲ್ ಗೆರೆಯ ಬಳಿ ಮೂಲೆಯಲ್ಲಿ, ಇನ್ನೊಬ್ಬ ನೀಲಿ ಗೆರೆಯ ಆಚೆ ಹಿಂದೆ ಇರುತ್ತಾರೆ. ಇಬ್ಬರ ನಡುವೆ ಸುಮಾರು 60 ಅಡಿಗಿಂತ ಹೆಚ್ಚು ದೂರ. ಮೂಲೆಯಲ್ಲಿರುವವನ ಕಣ್ಣು ಪಕ್ ಮತ್ತು ಗೋಲ್ ಮೇಲೆ. ಅವನಿಗೂ ಆಟಗಾರನಿಗೂ ನಡುವೆ ಇನ್ನೊಬ್ಬನ ಬೆನ್ನು ಅಡ್ಡ ಬಂದರೆ 10 ಅಡಿ ದೂರದಿಂದಲೂ ಸ್ಟಿಕ್ ಕಾಣದು. ಹಿಂದಿರುವವನಿಗೆ ಪಕ್‌ನಿಂದ ದೂರದಲ್ಲಿ ನಡೆಯುವ ಹಿಡಿದೆಳೆತ, ಅಡ್ಡಗಟ್ಟುವಿಕೆ ಚೆನ್ನಾಗಿ ಕಾಣುತ್ತದೆ. ಅದಕ್ಕೆಂದೇ ಅವನು ಅಲ್ಲಿರುವುದು.

ಇಬ್ಬರು ರೆಫರಿಗಳ ಪದ್ಧತಿ ಕಾಣದೆ ಹೋಗುವ ತಪ್ಪುಗಳನ್ನು ಕಡಿಮೆ ಮಾಡಿತು, ಆದರೆ ಒಂದೇ ಪಂದ್ಯಕ್ಕೆ ಎರಡು ಅಳತೆಗೋಲುಗಳನ್ನೂ ತಂದಿತು. ಒಬ್ಬರು ಇಂಟರ್‌ಫಿಯರೆನ್ಸ್ ಬಗ್ಗೆ ಬಿಗಿ, ಇನ್ನೊಬ್ಬರು ಸಡಿಲ ಎಂದಾದರೆ ತಪ್ಪು ಯಾರ ಮುಂದೆ ಆಯಿತು ಎಂಬುದರ ಮೇಲೆ ಶಿಕ್ಷೆ ನಿಲ್ಲುತ್ತದೆ. ಜೊತೆಯಾಗಿ ಹೆಚ್ಚು ಪಂದ್ಯ ಮಾಡಿದ ಜೋಡಿಯಲ್ಲಿ ಈ ಅಂತರ ಕಡಿಮೆ. ಕಾಲೇಜು ರೆಫರಿಗಳಲ್ಲಿ ಹೆಚ್ಚಿನವರಿಗೆ ವಾರದ ದಿನಗಳಲ್ಲಿ ಬೇರೆ ಕೆಲಸವಿರುತ್ತದೆ, ಪಂದ್ಯಕ್ಕಿಷ್ಟು ಎಂದು ಸಂಭಾವನೆ. ಹಾಗಾಗಿ ಜೋಡಿಗಳು ವಾರವಾರವೂ ಬದಲಾಗುತ್ತವೆ.

ನಿಯಮ ಪುಸ್ತಕ ಒಂದೇ ಆದರೂ ಲೀಗ್‌ನಿಂದ ಲೀಗ್‌ಗೆ ಆಟದ ಬಿಗಿ ಬೇರೆ ಅನ್ನಿಸುತ್ತದೆ. ಭ್ರಮೆಯೇ?

ಭ್ರಮೆಯಲ್ಲ. ನಿಯಮ ಬರೆಯುವುದು ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ, ರೆಫರಿಗಳನ್ನು ಆರಿಸಿ ಪಂದ್ಯ ಹಂಚಿ ತಿದ್ದುವುದು ಆಯಾ ಲೀಗ್. ಪುರುಷರ ಮೊದಲ ದರ್ಜೆಯಲ್ಲಿ ಆರು ಲೀಗ್‌ಗಳಿವೆ: ಹಾಕಿ ಈಸ್ಟ್, ಇಸಿಎಸಿ, ಬಿಗ್ ಟೆನ್, ಎನ್‌ಸಿಎಚ್‌ಸಿ, 2021ರಲ್ಲಿ ಮರುಹುಟ್ಟು ಪಡೆದ ಸಿಸಿಎಚ್‌ಎ, ಮತ್ತು 2024ರಲ್ಲಿ ಎರಡು ಲೀಗ್‌ಗಳು ಸೇರಿ ಆದ ಅಟ್ಲಾಂಟಿಕ್ ಹಾಕಿ ಅಮೆರಿಕ. ರೆಫರಿಗಳ ಮೇಲ್ವಿಚಾರಕರನ್ನು ನೇಮಿಸುವುದೂ ಲೀಗ್‌ಗಳೇ. ಸ್ಟಿಕ್ ತಪ್ಪುಗಳ ಬಗ್ಗೆ ಈ ವರ್ಷ ಕಟ್ಟುನಿಟ್ಟು ಎಂದು ಒಬ್ಬ ಮೇಲ್ವಿಚಾರಕ ಹೇಳಿದರೆ, ಇನ್ನೊಬ್ಬರಿಗೆ ತಲೆಗೆ ಬೀಳುವ ಹೊಡೆತಗಳೇ ಮುಖ್ಯ.

ವೇಳಾಪಟ್ಟಿಯೂ ಇದಕ್ಕೆ ಸೇರುತ್ತದೆ. ಪಶ್ಚಿಮದ ಲೀಗ್‌ಗಳಲ್ಲಿ ಶುಕ್ರವಾರ, ಶನಿವಾರ ಎರಡೂ ರಾತ್ರಿ ಅದೇ ಎದುರಾಳಿ, ಎಷ್ಟೋ ಸಲ ಅದೇ ರೆಫರಿಗಳು. ಮೊದಲ ರಾತ್ರಿಯ ಕೊನೆಯಲ್ಲಿ ಕೈಕೈ ಮಿಲಾಯಿಸಿದ್ದರೆ ಎರಡನೆಯ ರಾತ್ರಿಯ ಮೊದಲ ಹತ್ತು ನಿಮಿಷ ಬಿಗಿಯಾಗಿರುತ್ತದೆ. ಶನಿವಾರ ಮಾತ್ರ ನೋಡಿದವರಿಗೆ ಸಣ್ಣದಕ್ಕೆಲ್ಲ ಸೀಟಿ ಯಾಕೆಂದು ತಿಳಿಯುವುದಿಲ್ಲ. ಇಸಿಎಸಿಯಲ್ಲಿ ಸಾಮಾನ್ಯವಾಗಿ ಒಂದೇ ವಾರಾಂತ್ಯದಲ್ಲಿ ಇಬ್ಬರು ಬೇರೆ ಎದುರಾಳಿಗಳು, ಅಲ್ಲಿ ಈ ಹಳೇ ಬಾಕಿ ಅಷ್ಟಾಗಿ ಇರುವುದಿಲ್ಲ.

ರೆಫರಿಯನ್ನು ತವರು ತಂಡದ ಲೀಗೇ ಕಳಿಸುತ್ತದಲ್ಲ, ಹಾಗಾದರೆ ಪಕ್ಷಪಾತ ಇರಲೇಬೇಕಲ್ಲವೇ?

ಬೇರೆ ಲೀಗ್‌ನ ತಂಡ ಬಂದು ಆಡುವಾಗ ಸಾಮಾನ್ಯವಾಗಿ ಆತಿಥೇಯರ ಲೀಗೇ ರೆಫರಿಗಳನ್ನು ಒದಗಿಸುತ್ತದೆ. ಕ್ರಿಕೆಟ್ ಬಲ್ಲವರಿಗೆ ಈ ಅನುಮಾನ ಹೊಸದಲ್ಲ. ಟೆಸ್ಟ್ ಪಂದ್ಯಗಳಿಗೆ 1994ರಿಂದ ಒಬ್ಬ, 2002ರಿಂದ ಇಬ್ಬರೂ ತಟಸ್ಥ ಅಂಪೈರ್‌ಗಳು ಬಂದದ್ದು ಇಂಥದೇ ದೂರುಗಳ ನಡುವೆ.

ಕಾಲೇಜು ಹಾಕಿಯಲ್ಲಿ ಮುಖ್ಯ ತೊಂದರೆ ನಿಷ್ಠೆಯದಲ್ಲ, ಅಭ್ಯಾಸದ್ದು. ಆತಿಥೇಯ ಆಟಗಾರರಿಗೆ ಆ ರೆಫರಿಗಳ ಗೆರೆ ಎಲ್ಲಿದೆಯೆಂದು ಮೊದಲೇ ಗೊತ್ತು. ಬಂದವರು ಅದನ್ನು ಪೆನಾಲ್ಟಿ ತಿಂದೇ ಕಲಿಯಬೇಕು. ಮೊದಲ ಅವಧಿಯಲ್ಲಿ ಅತಿಥಿಗಳಿಗೆ ಎರಡು ಇಂಟರ್‌ಫಿಯರೆನ್ಸ್ ಬಿದ್ದು ಆಮೇಲೆ ನಿಂತುಹೋದರೆ ಕಾರಣ ಬಹುಶಃ ಇದೇ.

ಎನ್‌ಸಿಎಎ ಟೂರ್ನಿಯಲ್ಲಿ ಆಡುವ ಎರಡೂ ತಂಡಗಳ ಲೀಗಿಗೆ ಸೇರದ ರೆಫರಿಗಳನ್ನು ಹಾಕುವುದು ರೂಢಿ. ಇದರಿಂದ ಅನುಮಾನ ತಗ್ಗುತ್ತದೆ, ಆದರೆ ಅಪರಿಚಿತತೆ ಎರಡೂ ಕಡೆಗೆ ಹಂಚಿಹೋಗುತ್ತದೆ. ಸೀಸನ್ ಪೂರ್ತಿ ಬಿಟ್ಟ ತಳ್ಳಾಟಕ್ಕೆ ಮಾರ್ಚ್‌ನಲ್ಲಿ ದಿಢೀರನೆ ಪೆನಾಲ್ಟಿ ಬಿದ್ದಾಗ ಅಭಿಮಾನಿಗಳು ಕೆರಳುವುದು ಇದರಿಂದ.

ತವರಿನ ಜನರ ಗದ್ದಲ ನಿಜವಾಗಿಯೂ ಸೀಟಿಯ ಮೇಲೆ ಪರಿಣಾಮ ಬೀರುತ್ತದೆಯೇ?

ಬೀರುತ್ತದೆ, ಆದರೆ ನೀವಂದುಕೊಂಡಷ್ಟಲ್ಲ. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ 40 ಮಂದಿ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ಟ್ಯಾಕಲ್‌ಗಳ ವಿಡಿಯೊ ತೋರಿಸಿದರು, ಕೆಲವರಿಗೆ ಜನರ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡಕ್ಕೆ ಸುಮಾರು 15% ಕಡಿಮೆ ಫೌಲ್ ಕೊಟ್ಟರು. ಅತಿಥಿಗಳಿಗೆ ಹೆಚ್ಚು ಕೊಡಲಿಲ್ಲ ಎಂಬುದನ್ನು ಗಮನಿಸಿ. ಅನುಮಾನವಿದ್ದಾಗ ತವರಿನವರ ಮೇಲೆ ಸೀಟಿ ಊದಲು ಹಿಂಜರಿದರು, ಅಷ್ಟೆ. ಕೋವಿಡ್ ಕಾಲದಲ್ಲಿ ಯುರೋಪಿನ ಫುಟ್‌ಬಾಲ್ ಖಾಲಿ ಅಂಗಳದಲ್ಲಿ ನಡೆದಾಗಲೂ ಕಾರ್ಡುಗಳ ವಿಚಾರದಲ್ಲಿ ತವರು ತಂಡಕ್ಕಿದ್ದ ಅನುಕೂಲ ಕುಗ್ಗಿತ್ತು.

ತವರಿನ ಅನುಕೂಲವೆಲ್ಲ ರೆಫರಿಯಿಂದ ಬಂದದ್ದೂ ಅಲ್ಲ. ಆಟ ನಿಂತಾಗ ಆಟಗಾರರನ್ನು ಕೊನೆಗೆ ಬದಲಾಯಿಸುವ ಹಕ್ಕು ಆತಿಥೇಯರದ್ದು. ಎದುರಾಳಿಯ ನಿಧಾನಗತಿಯ ಡಿಫೆನ್ಸ್ ಜೋಡಿಯ ಮೇಲೆ ತಮ್ಮ ಅತಿ ವೇಗದ ದಾಳಿಗಾರರ ಸಾಲನ್ನು ಅವರು ಬಿಡಬಹುದು. ನಿಧಾನಗತಿಯವರು ಹಿಂದೆ ಬಿದ್ದಾಗ ಸ್ಟಿಕ್ ಚಾಚುತ್ತಾರೆ, ಪೆನಾಲ್ಟಿ ಬೀಳುತ್ತದೆ. ಅದು ರೆಫರಿಯ ವಾಲಿಕೆಯಲ್ಲ, ತರಬೇತುದಾರನ ಜಾಣತನ. ತವರಿನ ಅನುಕೂಲ ಎಷ್ಟು ಗಟ್ಟಿ ಎಂದರೆ, ಎನ್‌ಸಿಎಎ ಟೂರ್ನಿಗೆ ತಂಡಗಳನ್ನು ಆರಿಸಲು ಬಳಸುತ್ತಿದ್ದ ಪೇರ್‌ವೈಸ್ ಶ್ರೇಯಾಂಕದಲ್ಲಿ ಹೊರಗಿನ ಗೆಲುವಿಗೆ 1.2, ತವರಿನ ಗೆಲುವಿಗೆ 0.8 ತೂಕ ಕೊಟ್ಟಿದ್ದರು.

ದೊಡ್ಡ ಹೆಸರಿನ ಕಾಲೇಜುಗಳಿಗೆ ಪವರ್ ಪ್ಲೇ (ಎದುರಾಳಿಯ ಪೆನಾಲ್ಟಿಯಿಂದ ಸಿಗುವ ಹೆಚ್ಚು ಆಟಗಾರರ ಅನುಕೂಲ) ಹೆಚ್ಚು ಸಿಗುತ್ತದೆ. ಇದಕ್ಕಿಂತ ಪುರಾವೆ ಬೇಕೆ?

ಬೇಕು. ಪಕ್ ಯಾರ ಬಳಿ ಹೆಚ್ಚು ಹೊತ್ತು ಇರುತ್ತದೋ ಅವರ ಮೇಲೆ ತಪ್ಪುಗಳೂ ಹೆಚ್ಚು ನಡೆಯುತ್ತವೆ. ಎನ್‌ಎಚ್‌ಎಲ್‌ಗೆ ಆಯ್ಕೆಯಾದ ಐದಾರು ಹುಡುಗರಿರುವ ತಂಡ ಪಕ್ ಬಿಟ್ಟುಕೊಡುವುದೇ ಅಪರೂಪ. ಹಾಗಾಗಿ ಪೆನಾಲ್ಟಿ ಲೆಕ್ಕವನ್ನು ಬರಿದಾಗಿ ನೋಡದೆ ಗೋಲಿನತ್ತ ಹೊಡೆದ ಹೊಡೆತಗಳ ಲೆಕ್ಕದ ಜೊತೆಗಿಟ್ಟು ನೋಡಿ. ಹೊಡೆತ 38–19 ಇದ್ದ ಪಂದ್ಯದಲ್ಲಿ ಪವರ್ ಪ್ಲೇ 5–3 ಇದ್ದರೆ ಅಚ್ಚರಿಪಡುವಂಥದ್ದೇನಿಲ್ಲ. ಹೊಡೆತ 19–38, ಪವರ್ ಪ್ಲೇ 5–3 ಎಂದಿದ್ದರೆ ವಿಡಿಯೊ ಮತ್ತೆ ನೋಡಬಹುದು.

ಒಬ್ಬ ರೆಫರಿ ನಮ್ಮ ತಂಡಕ್ಕೆ ವಿರುದ್ಧ ಎಂದು ಲೆಕ್ಕದಲ್ಲೇ ತೋರಿಸಬಹುದೇ? ಹೇಗೆ?

ಪ್ರಯತ್ನಿಸಬಹುದು. ಪಂದ್ಯದ ಬಾಕ್ಸ್ ಸ್ಕೋರ್ ಎಂಬ ವಿವರಪಟ್ಟಿಯಲ್ಲಿ ಪೆನಾಲ್ಟಿಗಳ ಸಮಯ ಸಿಗುತ್ತದೆ, ಸಾಮಾನ್ಯವಾಗಿ ರೆಫರಿಗಳ ಹೆಸರೂ ಇರುತ್ತದೆ. ಮಾಡುವ ಕ್ರಮ ಹೀಗಿರಲಿ.

ಎರಡೂ ತಂಡಕ್ಕೆ ಒಟ್ಟಿಗೆ ಬಿದ್ದ ಜೋಡಿ ಪೆನಾಲ್ಟಿಗಳನ್ನು ತೆಗೆದುಹಾಕಿ. ಹೆಚ್ಚು ಆಟಗಾರರು ಮಂಜಿಗಿಳಿದದ್ದಕ್ಕೆ ಬೀಳುವಂಥ, ವಿವೇಚನೆಗೆ ಅಷ್ಟಾಗಿ ಎಡೆಯಿಲ್ಲದ ಪೆನಾಲ್ಟಿಗಳನ್ನು ಬೇರೆ ಪಟ್ಟಿಗೆ ಹಾಕಿ. ಉಳಿದ ಹುಕಿಂಗ್, ಹೋಲ್ಡಿಂಗ್, ಇಂಟರ್‌ಫಿಯರೆನ್ಸ್, ಸ್ಲ್ಯಾಶಿಂಗ್, ರಫಿಂಗ್‌ಗಳೇ ವಿವೇಚನೆಯ ಪೆನಾಲ್ಟಿಗಳು. ಪ್ರತಿ ಪೆನಾಲ್ಟಿಯ ಗಳಿಗೆಯಲ್ಲಿ ಅಂಕ ಎಷ್ಟಿತ್ತೆಂದು ಬರೆದುಕೊಳ್ಳಿ, ಯಾಕೆಂದರೆ ಮುನ್ನಡೆಯಲ್ಲಿರುವ ತಂಡ ಹಿಂದೆ ಸರಿದು ಕಾಯುತ್ತದೆ, ಕಾಯುವವರೇ ಹಿಡಿದೆಳೆಯುವುದು. ತವರಿನ ಪಂದ್ಯ, ಹೊರಗಿನ ಪಂದ್ಯ ಬೇರೆ ಮಾಡಿ. ಆಮೇಲೆ ಆ ರೆಫರಿಯ ಪಂದ್ಯಗಳನ್ನು ನಿಮ್ಮ ತಂಡದ ಉಳಿದ ಪಂದ್ಯಗಳ ಜೊತೆಗೂ, ಅದೇ ರೆಫರಿ ಬೇರೆ ತಂಡಗಳಿಗೆ ಮಾಡಿದ ಪಂದ್ಯಗಳ ಜೊತೆಗೂ ಹೋಲಿಸಿ. ಎರಡನೆಯ ಹೋಲಿಕೆಯನ್ನು ಬಿಟ್ಟರೆ ಬರೀ ಸೀಟಿ ಜಾಸ್ತಿ ಊದುವವನೂ ನಿಮ್ಮ ಶತ್ರುವಿನಂತೆ ಕಾಣುತ್ತಾನೆ.

ಈಗ ಕಹಿ ಭಾಗ. ಪ್ರತಿ ತಂಡಕ್ಕೆ ಪಂದ್ಯಕ್ಕೆ ಸರಾಸರಿ 4 ಪೆನಾಲ್ಟಿ, ರೆಫರಿ ಸಂಪೂರ್ಣ ನಿಷ್ಪಕ್ಷಪಾತಿ, ಎಲ್ಲವೂ ಆಕಸ್ಮಿಕ ಎಂದಿಟ್ಟುಕೊಳ್ಳಿ. ಆಗಲೂ 6–2ರಂತೆ 4 ಅಥವಾ ಅದಕ್ಕೂ ಹೆಚ್ಚಿನ ಅಂತರ ಸರಿಸುಮಾರು ಐದು ಪಂದ್ಯಕ್ಕೊಮ್ಮೆ ಬರುತ್ತದೆ. ಒಂದು ಪಂದ್ಯದ ಅಂತರದ ಪ್ರಮಾಣ ವಿಚಲನೆ, ಅಂದರೆ ಆಕಸ್ಮಿಕ ಏರಿಳಿತದ ಅಳತೆ, 2.8ರಷ್ಟು. 20 ಪಂದ್ಯ ಕೂಡಿಸಿದರೆ ಅದು 12–13ಕ್ಕೆ ಏರುತ್ತದೆ. ಅಂದರೆ ಅಷ್ಟೂ ಪಂದ್ಯಗಳಲ್ಲಿ ಎದುರಾಳಿಗಳಿಗಿಂತ 12 ಪೆನಾಲ್ಟಿ ಹೆಚ್ಚು ಬಿದ್ದಿದ್ದರೂ ಏನನ್ನೂ ಹೇಳಲಾಗದು. ಒಬ್ಬ ರೆಫರಿ ನಿಮ್ಮ ತಂಡಕ್ಕೆ 10% ಹೆಚ್ಚು ಪೆನಾಲ್ಟಿ ಕೊಡುತ್ತಿದ್ದಾನೆ, ಅಂದರೆ 4ರ ಬದಲು 4.4 ಎಂದುಕೊಳ್ಳೋಣ. ಅದನ್ನು ಎರಡು ಪ್ರಮಾಣ ವಿಚಲನೆಯಷ್ಟು ಖಚಿತವಾಗಿ ಕಾಣಬೇಕಾದರೆ ಸುಮಾರು 200 ಪಂದ್ಯ ಬೇಕು. ಅವನು ನಿಮ್ಮ ತಂಡಕ್ಕೆ ಸೀಸನ್ನಿಗೆ 5 ಸಲ ಬಂದರೆ 40 ವರ್ಷ.

ಹಾಗೆಂದು ಪಕ್ಷಪಾತ ಇಲ್ಲವೆಂದು ಸಾಬೀತಾಯಿತು ಎನ್ನಲಾಗದು. ಒಬ್ಬ ವ್ಯಕ್ತಿಯ ಸಣ್ಣ ವಾಲಿಕೆ ಈ ಲೆಕ್ಕಕ್ಕೆ ಸಿಗುವಷ್ಟು ಪಂದ್ಯಗಳೇ ಇಲ್ಲ. ಲೀಗ್ ಮಟ್ಟದಲ್ಲಿ ಎಲ್ಲ ಪಂದ್ಯ ಕೂಡಿಸಿದರೆ ತವರಿನ ವಾಲಿಕೆ ಕಾಣಬಹುದು. ಇಂಥ ರೆಫರಿ ಬಂದರೆ ನಾವು ಸೋಲುತ್ತೇವೆ ಎಂಬ 3 ಗೆಲುವು, 9 ಸೋಲಿನ ಲೆಕ್ಕವಂತೂ ಬರೀ ಗದ್ದಲ. ದೊಡ್ಡ ಪಂದ್ಯಗಳಿಗೆ ಅನುಭವಿ ರೆಫರಿಗಳನ್ನೇ ಹಾಕುತ್ತಾರೆ, ದೊಡ್ಡ ಪಂದ್ಯಗಳಲ್ಲಿ ಎದುರಾಳಿ ಬಲಶಾಲಿ, ಬಲಶಾಲಿಗಳೆದುರು ಸೋಲು ಹೆಚ್ಚು.

ವಿಡಿಯೊ ಪರಿಶೀಲನೆ ಇದ್ದರೂ ವಿವಾದ ಮುಗಿಯುವುದಿಲ್ಲ ಯಾಕೆ?

ಎನ್‌ಎಚ್‌ಎಲ್‌ನಲ್ಲಿ ಟೊರಾಂಟೊದ ಕೇಂದ್ರ ಕೊಠಡಿಯಿದೆ. ಕಾಲೇಜು ಪಂದ್ಯಗಳಲ್ಲಿ ಸಾಮಾನ್ಯವಾಗಿ ರೆಫರಿಗಳೇ ಪಕ್ಕದ ಪರದೆಯ ಮುಂದೆ ನಿಂತು ತಮ್ಮ ತೀರ್ಪನ್ನು ತಾವೇ ಪರೀಕ್ಷಿಸುತ್ತಾರೆ. ಕ್ಯಾಮೆರಾಗಳ ಸಂಖ್ಯೆ ರಿಂಕ್‌ನಿಂದ (ಆಟದ ಐಸ್ ಅಂಗಳ) ರಿಂಕ್‌ಗೆ ಬೇರೆ. ನೀಲಿ ಗೆರೆಯ ನೇರಕ್ಕೆ ಕ್ಯಾಮೆರಾ ಇಲ್ಲದಿದ್ದರೆ ಆಫ್‌ಸೈಡನ್ನು ಓರೆ ಕೋನದಿಂದ ಊಹಿಸಬೇಕು. ಸಾಕ್ಷ್ಯ ಸ್ಪಷ್ಟವಿಲ್ಲದಿದ್ದರೆ ಮಂಜಿನ ಮೇಲೆ ಕೊಟ್ಟ ಮೊದಲ ತೀರ್ಪೇ ಉಳಿಯುತ್ತದೆ. ಒಂದೇ ಬಗೆಯ ಗೋಲು ಒಂದು ಕಡೆ ನಿಂತು ಇನ್ನೊಂದು ಕಡೆ ಬೀಳುವುದಕ್ಕೆ ಇದೂ ಕಾರಣ.

ತರಬೇತುದಾರ ಸವಾಲು ಹಾಕಲು ಟೈಮ್‌ಔಟ್ ಒತ್ತೆಯಿಡಬೇಕು. ತಂಡಕ್ಕೆ ಪಂದ್ಯಕ್ಕಿರುವುದೇ ಒಂದು. ಸವಾಲು ಸೋತರೆ ಅದೂ ಹೋಯಿತು. ಹುಕಿಂಗ್ ಬಿಟ್ಟರು ಎಂದು ಸವಾಲು ಹಾಕಲಾಗದು. ಆಫ್‌ಸೈಡ್, ಗೋಲ್‌ಕೀಪರ್‌ಗೆ ಅಡ್ಡಿ, ರೆಫರಿಗಳ ಕಣ್ಣು ತಪ್ಪಿದ 5 ನಿಮಿಷದ ಮಟ್ಟದ ತಪ್ಪು, ಇಂಥವಕ್ಕೆ ಮಾತ್ರ.

ನೆನಪು ಹೇಗೆ ಆಟವಾಡುತ್ತದೆ ಎಂಬುದಕ್ಕೆ ನಾರ್ತ್ ಡಕೋಟದ ಫಾರ್ಗೊ ನೋಡಿ. 2017ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಎನ್‌ಸಿಎಎ ಪಂದ್ಯದಲ್ಲಿ ನಾರ್ತ್ ಡಕೋಟ ವಿಶ್ವವಿದ್ಯಾಲಯ ಮೊದಲ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಸಂಭ್ರಮಿಸಿತು. ವಿಡಿಯೊದಲ್ಲಿ ಆಫ್‌ಸೈಡ್ ಕಂಡು ಗೋಲು ರದ್ದಾಯಿತು, ಬಾಸ್ಟನ್ ಯೂನಿವರ್ಸಿಟಿ ಎರಡನೆಯ ಹೆಚ್ಚುವರಿ ಅವಧಿಯಲ್ಲಿ 4–3ರಿಂದ ಗೆದ್ದಿತು. 2021ರ ಮಾರ್ಚ್‌ನಲ್ಲಿ ಅದೇ ಊರು, ಅದೇ ತಂಡ. ಈ ಸಲ ಮೊದಲ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದದ್ದು ಎದುರಾಳಿ ಮಿನಸೋಟ ಡುಲೂತ್, ಆಫ್‌ಸೈಡ್ ಎಂದು ರದ್ದಾದದ್ದೂ ಅವರದ್ದೇ. ಪಂದ್ಯ ಐದನೆಯ ಹೆಚ್ಚುವರಿ ಅವಧಿಗೆ ಹೋಗಿ 142 ನಿಮಿಷ 13 ಸೆಕೆಂಡಿಗೆ ಮುಗಿಯಿತು, ಡುಲೂತ್ 3–2ರಿಂದ ಗೆದ್ದಿತು. ಎರಡೂ ಸಲ ಸೋತದ್ದು ನಾರ್ತ್ ಡಕೋಟವೇ. ಆದರೆ ಒಂದು ಸಲ ನಿಯಮ ಅವರ ಕೈಬಿಟ್ಟಿತು, ಇನ್ನೊಂದು ಸಲ ಕಾಪಾಡಿತು. ದೂರಿನ ಪಟ್ಟಿ ಬರೆಯುವಾಗ ಎರಡನೆಯ ಬಗೆಯದನ್ನು ಬರೆದುಕೊಳ್ಳುವ ಅಭಿಮಾನಿ ಸಿಗುವುದು ಕಷ್ಟ.

2 ನಿಮಿಷವೋ 5 ನಿಮಿಷವೋ ಎಂಬುದರಲ್ಲಿ ಇಷ್ಟೊಂದು ಏರುಪೇರು ಯಾಕೆ?

ಏರುಪೇರು ಅತಿ ದುಬಾರಿಯಾಗುವ ಜಾಗ ಇದು. 2 ನಿಮಿಷದ ಮೈನರ್ ಪೆನಾಲ್ಟಿಯಲ್ಲಿ ಎದುರಾಳಿ ಗೋಲು ಹೊಡೆದರೆ ಹೊರಗೆ ಕೂತವನು ವಾಪಸ್ ಬರುತ್ತಾನೆ. ಮೇಜರ್‌ನಲ್ಲಿ ಎಷ್ಟು ಗೋಲು ಬಿದ್ದರೂ ಪೂರ್ತಿ 5 ನಿಮಿಷ ಕಳೆಯಬೇಕು. ಹಿಂದಿನಿಂದ ಗುದ್ದುವುದು, ನೇರವಾಗಿ ತಲೆಗೆ ಹೊಡೆಯುವುದು ಆಟಗಾರನನ್ನು ಪಂದ್ಯದಿಂದಲೇ ಹೊರಗಟ್ಟಬಲ್ಲ ತಪ್ಪುಗಳು. ಕೈಕೈ ಮಿಲಾಯಿಸಿದರೆ ಅನರ್ಹತೆ, ಮುಂದಿನ ಪಂದ್ಯವೂ ಇಲ್ಲ. ಅದೇ ಸೀಸನ್ನಿನಲ್ಲಿ ಎರಡನೆಯ ಅನರ್ಹತೆಗೆ ಎರಡು ಪಂದ್ಯ, ಮೂರನೆಯದಕ್ಕೆ ಮೂರು.

ರೆಫರಿ ನೋಡುವುದು ಇವನ್ನು: ಗುದ್ದಿಸಿಕೊಂಡವನು ಬೋರ್ಡಿನಿಂದ (ರಿಂಕ್ ಸುತ್ತಲಿನ ಗೋಡೆ) ಎಷ್ಟು ದೂರದಲ್ಲಿದ್ದ, ಹೊಡೆತ ಬರುವುದು ಅವನಿಗೆ ಕಾಣುತ್ತಿತ್ತೇ, ಕೊನೆಯ ಗಳಿಗೆಯಲ್ಲಿ ಅವನೇ ಬೆನ್ನು ತಿರುಗಿಸಿದನೇ, ಮೊದಲು ತಾಗಿದ್ದು ಭುಜಕ್ಕೋ ತಲೆಗೋ. ಬೋರ್ಡಿನಿಂದ ಮೂರು ನಾಲ್ಕು ಅಡಿ ದೂರವೇ ಅತಿ ಅಪಾಯದ್ದು. ಬೋರ್ಡಿಗೆ ಅಂಟಿ ನಿಂತವನಿಗೆ ಅದರ ಆಸರೆ ಇರುತ್ತದೆ, ಸ್ವಲ್ಪ ದೂರವಿದ್ದವನು ತಲೆ ಮುಂದಾಗಿ ಹೋಗಿ ಬೀಳುತ್ತಾನೆ. ನಿಧಾನಗತಿಯ ಮರುಪ್ರಸಾರದಲ್ಲಿ ಪ್ರತಿ ಹೊಡೆತವೂ ಬೇಕೆಂದೇ ಮಾಡಿದಂತೆ ಕಾಣುತ್ತದೆ. ತಾಗಿದ ಜಾಗ ನೋಡಲು ನಿಧಾನಗತಿ, ತೀವ್ರತೆ ಅಳೆಯಲು ನಿಜ ವೇಗ. ಎರಡನ್ನೂ ನೋಡದ ರೆಫರಿ ಎಡವುತ್ತಾನೆ, ಪ್ರೇಕ್ಷಕನಂತೂ ಎಡವಿಯೇ ಎಡವುತ್ತಾನೆ.

ಬಿದ್ದವನಿಗೂ ಪೆನಾಲ್ಟಿ, ಬೀಳಿಸಿದವನಿಗೂ ಪೆನಾಲ್ಟಿ. ಎರಡೂ ಹೇಗೆ ನಿಜವಾಗುತ್ತದೆ?

ಆಗುತ್ತದೆ. ಹುಕ್ ನಿಜ, ಆದರೆ ಅದಕ್ಕೆ ಮಾರು ದೂರ ಹಾರಿ ಬಿದ್ದದ್ದು ನಾಟಕ. ನಾಟಕಕ್ಕೆ ಪ್ರತ್ಯೇಕ ಮೈನರ್ ಇದೆ, ಅದೊಂದನ್ನೇ ಕೊಡುವುದೂ ಉಂಟು.

ಮಹಿಳೆಯರ ಪಂದ್ಯಗಳಲ್ಲಿ ತೀರ್ಪು ಇನ್ನೂ ಗೊಂದಲವಾಗಿ ಕಾಣುತ್ತದೆಯಲ್ಲ?

ಅಲ್ಲಿ ಮೈಯಿಂದ ಗುದ್ದಿ ಕೆಡವುವಂತಿಲ್ಲ, ಆದರೆ ಪಕ್‌ಗಾಗಿ ಮೈಗೆ ಮೈ ತಾಗಿಸಿ ಜಾಗ ಹಿಡಿಯಬಹುದು. ಇಬ್ಬರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೇ, ಗುರಿ ಪಕ್ ಆಗಿತ್ತೇ ಎದುರಾಳಿಯೇ ಎಂಬುದನ್ನು ನೋಡಿ ಹೇಳಬೇಕು. ಗೆರೆ ಇನ್ನೂ ತೆಳು, ಆದ್ದರಿಂದ ವ್ಯತ್ಯಾಸವೂ ಹೆಚ್ಚು.

ತಪ್ಪು ಮಾಡಿದ ರೆಫರಿಗೆ ಏನೂ ಆಗುವುದಿಲ್ಲವೇ? ತರಬೇತುದಾರರು ಯಾಕೆ ಬಾಯಿ ಬಿಡುವುದಿಲ್ಲ?

ಆಗುತ್ತದೆ, ನಿಮಗೆ ಕಾಣುವುದಿಲ್ಲ. ಮೇಲ್ವಿಚಾರಕರು ರಿಂಕ್‌ನಲ್ಲಿ ಕೂತೋ ವಿಡಿಯೊದಲ್ಲೋ ಪಂದ್ಯ ನೋಡಿ ಅಂಕ ಹಾಕುತ್ತಾರೆ. ಪಂದ್ಯ ಮುಗಿದ ಮೇಲೆ ತರಬೇತುದಾರರು ತಕರಾರಿನ ತುಣುಕುಗಳನ್ನು ಲೀಗ್‌ಗೆ ಕಳಿಸುತ್ತಾರೆ, ಉತ್ತರವೂ ಬರುತ್ತದೆ. ಚೆನ್ನಾಗಿ ಮಾಡದವರಿಗೆ ದೊಡ್ಡ ಪಂದ್ಯ, ಪ್ಲೇಆಫ್, ಎನ್‌ಸಿಎಎ ಟೂರ್ನಿ ಸಿಗುವುದಿಲ್ಲ. ಪಂದ್ಯಕ್ಕಿಷ್ಟು ಎಂದು ದುಡಿಯುವವರಿಗೆ ಅದೇ ಶಿಕ್ಷೆ. ರೆಫರಿಗಳನ್ನು ಬಹಿರಂಗವಾಗಿ ಟೀಕಿಸಿದ ತರಬೇತುದಾರರನ್ನು ಲೀಗ್‌ಗಳು ದಂಡಿಸುತ್ತವೆ, ಹಾಗಾಗಿ ಸುದ್ದಿಗೋಷ್ಠಿಯಲ್ಲಿ ಹಲ್ಲು ಕಚ್ಚಿ ಕೂರುತ್ತಾರೆ.

ಈ ಗುಟ್ಟೇ ಅನುಮಾನಕ್ಕೆ ಗೊಬ್ಬರ ಎಂಬುದು ನಮ್ಮ ಅಭಿಪ್ರಾಯ. ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2015ರಿಂದ ಬಿಗಿ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳ ವರದಿಯನ್ನು ಪ್ರಕಟಿಸುತ್ತಿದೆ. ಬೈಗುಳವೇನೂ ನಿಂತಿಲ್ಲ, ಆದರೆ ವಾದಕ್ಕೆ ಒಂದು ದಾಖಲೆಯಾದರೂ ಇದೆ. ಕಾಲೇಜು ಹಾಕಿಯಲ್ಲಿ ಅಷ್ಟು ಆದರೆ ಸಾಕು. ರೆಫರಿಯ ವೈಯಕ್ತಿಕ ಖಾತೆ ಹುಡುಕಿ ಸಂದೇಶ ಕಳಿಸುವವರಿಗೆ ಒಂದು ಮಾತು: ಅದರಿಂದ ಯಾವ ತೀರ್ಪೂ ಬದಲಾಗದು. ಬೆದರಿಕೆಯಾದರೆ ಪೊಲೀಸ್ ಪ್ರಕರಣವಾಗುತ್ತದೆ.

ಬೈಯುವ ಬದಲು ನಾನೇ ರೆಫರಿ ಆಗಬಹುದೇ?

ಆಗಬಹುದು, ಮಕ್ಕಳ ಪಂದ್ಯಗಳಿಂದ ಶುರು. ಅಮೆರಿಕದಲ್ಲಿ ಯುಎಸ್‌ಎ ಹಾಕಿ ಸಂಸ್ಥೆಯಲ್ಲಿ ನೋಂದಾಯಿಸಿ, ಆನ್‌ಲೈನ್ ಪಾಠ, ಪರೀಕ್ಷೆ, ತರಬೇತಿ ಶಿಬಿರ ಮುಗಿಸಬೇಕು. ವಯಸ್ಕರಿಗೆ ಹಿನ್ನೆಲೆ ತಪಾಸಣೆಯೂ ಮಕ್ಕಳ ಸುರಕ್ಷತೆಯ ಪಾಠವೂ ಕಡ್ಡಾಯ. ನಾಲ್ಕು ಹಂತಗಳಿವೆ, ಹೊಸಬರೆಲ್ಲ ಒಂದನೆಯದರಿಂದ. ಹಿಂದಕ್ಕೆ ಸ್ಕೇಟ್ ಮಾಡಲು ಬರದಿದ್ದರೆ ಮೊದಲು ಅದನ್ನು ಕಲಿಯಿರಿ, ಎಷ್ಟೋ ಜನ ಅಲ್ಲೇ ಸೋಲುತ್ತಾರೆ.

ವೀಸಾದ ವಿಚಾರ ಮರೆಯಬೇಡಿ. ಪಂದ್ಯಕ್ಕೆ ಕೊಡುವ ಹಣ ಸಂಭಾವನೆಯೇ. ಎಫ್-1 ವಿದ್ಯಾರ್ಥಿಗಳು ಅನುಮತಿಯಿಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ. ಎಚ್-1ಬಿಯವರು ವೀಸಾ ಪಡೆದ ಕೆಲಸದಾತರ ಕೆಲಸ ಮಾತ್ರ ಮಾಡಬಹುದು. ಸೀಟಿ ಕೊಳ್ಳುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲೋ ವಲಸೆ ವಕೀಲರಲ್ಲೋ ಕೇಳಿ.